ಬೊಂಡ, ಬಿಂಬುಳಿ ಮತ್ತು ನೋವಿನ ಗುಳಿಗೆ

ಬಂಟ್ವಾಳದ ನೇತ್ರಾವತಿ ತೀರದ ಗ್ರಾಮಗಳಲ್ಲಾಗಲಿ, ಬೆಳ್ತಂಗಡಿಯ ಘಟ್ಟದ ಬುಡದಲ್ಲಿ ಅಡಕೆ ತೋಟಗಳ ನಡುವೆ ದೂರದೂರವಾಗಿ ನಿಂತ ಮನೆಗಳಲ್ಲಾಗಲಿ, ಮೂಡಬಿದಿರೆಯ ಆಸುಪಾಸಿನಲ್ಲಾಗಲಿ, ಅರುವತ್ತು ದಾಟಿದ ಒಂದೇ ಶರೀರದಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮೊಣಗಂಟಿನ ನೋವು ಮೂರೂ ನೆಲೆಸಿರುವುದು ಈಗ ವಿರಳವೇನಲ್ಲ; ಮೊದಲಿನೆರಡು ಬಹುಕಾಲ ಹತೋಟಿ ತಪ್ಪಿದಲ್ಲಿ ನಾಲ್ಕನೆಯದಾಗಿ ಮೂತ್ರಪಿಂಡದ ದೌರ್ಬಲ್ಯವು ಸದ್ದಿಲ್ಲದೆ ಬಂದು ಸೇರುವುದೂ ಉಂಟು. ಹೀಗಿರಲು, ನೆರೆಹೊರೆಯವರು ಪ್ರೀತಿಯಿಂದ ಹೇಳುವ ಉಪಚಾರಗಳೆಲ್ಲ ಒಂದೊಂದೇ ರೋಗವನ್ನು ಲಕ್ಷಿಸಿ ಹುಟ್ಟಿದವು. ಒಂದಕ್ಕೆ ಹಿತವಾದದ್ದು ಮತ್ತೊಂದಕ್ಕೆ ವಿಷವಾಗಬಲ್ಲುದೆಂಬುದನ್ನು ಅವು ಎಣಿಸಿಲ್ಲ. ನಮ್ಮ ಕಡೆಯ ತಪ್ಪು ತಿಳಿವಳಿಕೆಗಳಿಗೆ ಮುಖ್ಯ ಮೂಲ ಇದೇ ಎಂದು ನನ್ನ ಅಭಿಪ್ರಾಯ.

ಬೊಂಡದ ನೀರು ತಂಪು, ಅದು ಕಿಡ್ನಿಯನ್ನು ತೊಳೆಯುತ್ತದೆ ಎಂಬ ಮಾತನ್ನೇ ತೆಗೆದುಕೊಳ್ಳೋಣ. ಸ್ವಸ್ಥನಾದವನಿಗೆ ಅದು ಒಳ್ಳೆಯ ಪಾನೀಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದರಲ್ಲಿ ಪೊಟ್ಯಾಸಿಯಂ ಹೇರಳ. ಮೂತ್ರಪಿಂಡಗಳು ಸೋತಾಗ ಅದು ಹೊರಹೋಗದೆ ರಕ್ತದಲ್ಲಿ ಸಂಚಯವಾಗಿ ಹೃದಯದ ಬಡಿತವನ್ನೇ ಕೆಡಿಸಬಹುದು. ರಕ್ತದೊತ್ತಡಕ್ಕೆ ಕೊಡುವ ಕೆಲವು ಗುಳಿಗೆಗಳೂ ಪೊಟ್ಯಾಸಿಯಮ್ಮನ್ನು ಏರಿಸುವುದರಿಂದ ಅಂಥವರಿಗೆ ಅಪಾಯ ಇನ್ನೂ ಹೆಚ್ಚು.

ಕೊಲೆಸ್ಟರಾಲ್ ಇಳಿಯಲೆಂದು ಹಿತ್ತಿಲ ಬಿಂಬುಳಿಯನ್ನು ಹಿಂಡಿ ಲೋಟದ ತುಂಬ ರಸ ಕುಡಿಯುವ ನಂಬಿಕೆ ಇದಕ್ಕಿಂತ ಘೋರವಾದುದು. ಮೀನಿನ ಗಸಿಗೆ ಹುಳಿಗೆಂದು ನಾಲ್ಕು ಕಾಯಿ ಹಾಕುವುದು ಬೇರೆ, ರಸವನ್ನು ಔಷಧವೆಂದು ಸೇವಿಸುವುದು ಬೇರೆ. ಆ ರಸದ ಆಕ್ಸಲೇಟ್ ಮೂತ್ರಪಿಂಡದ ಸೂಕ್ಷ್ಮ ನಾಳಗಳಲ್ಲಿ ಹರಳುಗಟ್ಟಿ ನಿಲ್ಲುತ್ತದೆ. ಹೀಗೆ ಬಿಂಬುಳಿ ರಸ ಕುಡಿದು ಮೂತ್ರಪಿಂಡ ಹಠಾತ್ತನೆ ಕೆಟ್ಟ 10 ಮಂದಿಯ ವೃತ್ತಾಂತವನ್ನು ಕೇರಳದ ವೈದ್ಯರು 2013ರಲ್ಲಿ ಪ್ರಕಟಿಸಿದರು. ಅವರಲ್ಲಿ 7 ಮಂದಿಗೆ ಡಯಾಲಿಸಿಸ್ ಮಾಡಬೇಕಾಯಿತು. ಬಿಂಬುಳಿಯ ಕುಲದ್ದೇ ಆದ ದಾರೆಹುಳಿಯಂತೂ ಮೂತ್ರಪಿಂಡ ರೋಗಿಗಳು ಮುಟ್ಟಲೇಬಾರದ ಹಣ್ಣು. ಅದು ಅವರ ಮಿದುಳಿಗೂ ನಂಜಾಗುತ್ತದೆ.

ಇನ್ನು, ಇಂಗ್ಲಿಷ್ ಮದ್ದು ತಿಂದು ತಿಂದು ಕಿಡ್ನಿ ಹೋಗುತ್ತದೆ ಎಂಬ ಭಯ. ಇದರಿಂದಾಗಿ, ತಲೆ ತಿರುಗುವುದಿಲ್ಲವಲ್ಲ ಎಂದು ಸಮಾಧಾನಪಟ್ಟು, ಬಿಪಿಯ ಗುಳಿಗೆಯನ್ನು ನಡುವೆಯೇ ನಿಲ್ಲಿಸಿಬಿಡುವವರು ಬಹುಮಂದಿ. ಏರಿದ ರಕ್ತದೊತ್ತಡ ಸಾಮಾನ್ಯವಾಗಿ ಯಾವ ಲಕ್ಷಣವನ್ನೂ ತೋರಿಸದೆಯೇ ಮೂತ್ರಪಿಂಡವನ್ನು ಸವೆಸುತ್ತದೆ. ಅದನ್ನು ಕಾಯುವುದೇ ಆ ಗುಳಿಗೆ. ನಿಜವಾಗಿ ಭಯಪಡಬೇಕಾದುದು, ಮಡಿಲಲ್ಲಿ ಗೆರಸೆಯಿರಿಸಿಕೊಂಡು ದಿನವಿಡೀ ಬೀಡಿ ಕಟ್ಟಿದ ತಾಯಿ, ಸೊಂಟ ಮೊಣಕಾಲುಗಳ ನೋವು ತಾಳಲಾರದೆ, ಚೀಟಿಯಿಲ್ಲದೆ ಮೆಡಿಕಲ್ಲಿನಿಂದ ತರಿಸಿ ನಿತ್ಯವೂ ನುಂಗುವ ಡೈಕ್ಲೋಫೆನಾಕಿನಂಥ ನೋವಿನ ಮಾತ್ರೆಗೆ. ಅದು ಮೂತ್ರಪಿಂಡಕ್ಕೆ ಹರಿಯುವ ರಕ್ತವನ್ನು ಕುಗ್ಗಿಸುತ್ತದೆ, ರಕ್ತದೊತ್ತಡವನ್ನು ಏರಿಸುತ್ತದೆ, ಬಿಪಿಯ ಮದ್ದಿನ ಫಲವನ್ನೂ ತಗ್ಗಿಸುತ್ತದೆ. ಆಕೆಯ ನೋವು ಸುಳ್ಳಲ್ಲ. ಅದಕ್ಕೆ ಬೇರೆ ಉಪಾಯವನ್ನು ವೈದ್ಯರಲ್ಲಿ ಕೇಳುವ ಹಕ್ಕು ಆಕೆಗುಂಟು.

ಕುಚ್ಚಲಕ್ಕಿ ಗಂಜಿ ಉಂಡರೆ ಸಕ್ಕರೆ ಏರದೆಂಬುದು ಅರ್ಧಸತ್ಯ. ಬೆಳ್ತಿಗೆಗಿಂತ ಅದು ತುಸು ನಿಧಾನವಾಗಿ ಏರಿಸೀತು, ಅಷ್ಟೆ. ಪ್ರಮಾಣ ಮೀರಿದರೆ ಫಲ ಒಂದೇ. ಜೊತೆಗೆ ನೆಂಚಿಕೊಳ್ಳುವ ಉಪ್ಪಿನಕಾಯಿ, ಒಣಮೀನುಗಳ ಉಪ್ಪನ್ನೂ ಲೆಕ್ಕಿಸಬೇಕು: ದಿನದ ಉಪ್ಪು 5 ಗ್ರಾಂ ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ.

ಆದುದರಿಂದ ಹಲವು ರೋಗಗಳುಳ್ಳವರು ಒಂದೊಂದು ರೋಗದ ಚೀಟಿಯನ್ನು ಒಬ್ಬೊಬ್ಬ ವೈದ್ಯರ ಬಳಿಗೆ ಒಯ್ಯದೆ, ಮನೆಯಲ್ಲಿರುವ ಗುಳಿಗೆ, ಕಷಾಯ, ಚೂರ್ಣಗಳನ್ನೆಲ್ಲ ಒಂದೇ ಚೀಲದಲ್ಲಿ ಹಾಕಿಕೊಂಡು ಹೋಗಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೋ ತಾಲೂಕು ಆಸ್ಪತ್ರೆಯಲ್ಲೋ ಒಬ್ಬರೇ ವೈದ್ಯರ ಮುಂದೆ ಸುರುವಿ ತೋರಿಸಬೇಕು. ರಕ್ತದ ಕ್ರಿಯೇಟಿನಿನ್, ಮೂತ್ರದ ಆಲ್ಬುಮಿನ್‌ಗಳ ಪರೀಕ್ಷೆಯನ್ನು ವರ್ಷಕ್ಕೊಮ್ಮೆಯಾದರೂ ತಾವಾಗಿಯೇ ಕೇಳಿ ಮಾಡಿಸಿಕೊಳ್ಳಬೇಕು.