ಕಾರಿನ ಸ್ಟೀರಿಯೊ ಗೊರಗುಟ್ಟಿದಾಗ

ಹತ್ತು ಹದಿನೈದು ವರ್ಷ ಓಡಿದ ಕಾರು. ಎಂಜಿನ್ ಗಟ್ಟಿಯಾಗಿದೆ, ಆದರೆ ಕಂಪನಿಯವರೇ ಕೂರಿಸಿಕೊಟ್ಟ ಸ್ಟೀರಿಯೊ ಮುನಿಸಿಕೊಂಡಿದೆ. ಒಂದು ಬದಿಯ ಸ್ಪೀಕರ್ ಮೂಕ, ಇನ್ನೊಂದರಲ್ಲಿ ಗೊರಗೊರ. ಅಂಗಡಿಗೆ ಹೋದರೆ ‘ಸೆಟ್ ಹೋಗಿದೆ ಸಾರ್, ಹೊಸದು ಹಾಕಿಬಿಡೋಣ’ ಎಂಬ ಉತ್ತರ ಸಿದ್ಧ. ಸಾವಿರಾರು ರೂಪಾಯಿ ತೆರುವ ಮುನ್ನ ಒಂದು ಭಾನುವಾರ ಬೆಳಗ್ಗೆ, ಮನೆಯಲ್ಲಿರುವ ಹೈಸ್ಕೂಲು ವಿದ್ಯಾರ್ಥಿಯನ್ನು ಜೊತೆಗೆ ಕೂರಿಸಿಕೊಂಡು ದೋಷವನ್ನು ನೀವೇ ಏಕೆ ಹುಡುಕಬಾರದು? ಪಠ್ಯಪುಸ್ತಕದ ವಿದ್ಯುತ್ ಪಾಠವೇ ಇದಕ್ಕೆ ಸಾಕು.

ಹಾಡು ಸಾಗುವ ದಾರಿ ಹೀಗಿದೆ: ರೇಡಿಯೊ ಅಥವಾ ಸಿ.ಡಿ., ಅಲ್ಲಿಂದ ಆಂಪ್ಲಿಫೈಯರ್, ಅಲ್ಲಿಂದ ತಂತಿ, ಕೊನೆಗೆ ಸ್ಪೀಕರ್. ದೋಷ ಈ ನಾಲ್ಕರಲ್ಲಿ ಒಂದು ಕಡೆ ಅಡಗಿರುತ್ತದೆ. ಪ್ರಯೋಗಶಾಲೆಯ ನಿಯಮವೇ ಇಲ್ಲಿಯೂ ನಿಯಮ: ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಕಂಡದ್ದನ್ನು ಬರೆದಿಡಿ.

ಮೊದಲು ರೇಡಿಯೊ ಕೇಳಿ, ಆಮೇಲೆ ಸಿ.ಡಿ. ಅಥವಾ ಕ್ಯಾಸೆಟ್ ಹಾಕಿ. ತೊಂದರೆ ರೇಡಿಯೊದಲ್ಲಿ ಮಾತ್ರ ಇದ್ದರೆ ಆಂಟೆನಾ ಮತ್ತು ಅದರ ಪ್ಲಗ್ ನೋಡಿ. ಎರಡರಲ್ಲೂ ಇದ್ದರೆ ದೋಷ ಮುಂದಿನ ಹಂತದಲ್ಲಿದೆ. ಈಗ ಬ್ಯಾಲೆನ್ಸ್ ಗುಂಡಿ ತಿರುಗಿಸಿದರೆ ಸದ್ದು ಎಡಕ್ಕೂ ಬಲಕ್ಕೂ, ಫೇಡರ್ ತಿರುಗಿಸಿದರೆ ಹಿಂದಕ್ಕೂ ಮುಂದಕ್ಕೂ ಸರಿಯುತ್ತದೆ. ಯಾವ ಮೂಲೆ ಕೆಟ್ಟಿದೆ ಎಂಬುದು ಎರಡೇ ನಿಮಿಷದಲ್ಲಿ ತಿಳಿಯುತ್ತದೆ.

ಮುಂದಿನ ಎಡ ಬಾಗಿಲು ಮೂಕವಾಗಿದೆ ಎನ್ನೋಣ. ಸೆಟ್ ಆರಿಸಿ, ಎಡಬಲ ಬಾಗಿಲುಗಳ ಸ್ಪೀಕರುಗಳನ್ನು ಅದಲುಬದಲು ಮಾಡಿ. ಮೌನವೂ ಸ್ಪೀಕರಿನ ಜೊತೆ ಬಲಕ್ಕೆ ಹೋಯಿತೇ? ಹಾಗಾದರೆ ಕೆಟ್ಟದ್ದು ಸ್ಪೀಕರ್. ಎಡದಲ್ಲೇ ಉಳಿಯಿತೇ? ತಪ್ಪು ತಂತಿಯದು ಅಥವಾ ಸೆಟ್ಟಿನದು.

ಸ್ಪೀಕರನ್ನು ಪರೀಕ್ಷಿಸಲು ಗಡಿಯಾರದ 1.5 ವೋಲ್ಟ್ ಸೆಲ್ ಸಾಕು. ಕಳಚಿದ ಸ್ಪೀಕರಿನ ಎರಡು ತುದಿಗೆ ಕ್ಷಣಮಾತ್ರ ಮುಟ್ಟಿಸಿದರೆ ‘ಟಪ್’ ಎಂದು ಶಂಕು ಜಿಗಿಯಬೇಕು. ಅಯಸ್ಕಾಂತದ ನಡುವಿನ ಸುರುಳಿಯಲ್ಲಿ ವಿದ್ಯುತ್ ಹರಿದರೆ ಚಲನೆ ಹುಟ್ಟುತ್ತದೆ ಎಂಬ ಪಾಠ ಕಣ್ಣೆದುರೇ ನಡೆಯುತ್ತದೆ. ಸದ್ದಿಲ್ಲದಿದ್ದರೆ ಸುರುಳಿ ಕಡಿದಿರಬಹುದು. ಮಲ್ಟಿಮೀಟರ್ ಇದ್ದರೆ, 4 ಓಮ್ ಎಂದು ಮುದ್ರಿಸಿದ ಸ್ಪೀಕರಿನಲ್ಲಿ ಅದು 3ರಿಂದ 4ರ ನಡುವೆ ತೋರಿಸುತ್ತದೆ. ಇನ್ನು ಗೊರಗೊರ ಸದ್ದಿಗೆ ಶಂಕುವಿನ ಅಂಚನ್ನು ನೋಡಿ. ಅಲ್ಲಿನ ಫೋಮ್ ಬಳೆ ವರ್ಷಗಳು ಕಳೆದಂತೆ ಪುಡಿಯಾಗುತ್ತದೆ.

ತಂತಿ ಕಡಿಯುವುದು ಹೆಚ್ಚಾಗಿ ಬಾಗಿಲ ಕೀಲಿನ ಬಳಿ. ಸಾವಿರಾರು ಸಲ ತೆರೆದು ಮುಚ್ಚಿದಾಗ ಹೊದಿಕೆಯೊಳಗೆ ತಾಮ್ರದ ಎಳೆಗಳು ತುಂಡಾಗುತ್ತವೆ, ಹೊರಗೆ ಕಾಣುವುದಿಲ್ಲ. ಹಾಡು ಬರುತ್ತಿರುವಾಗ ಬಾಗಿಲನ್ನು ಮೆಲ್ಲಗೆ ಆಡಿಸಿ. ಸದ್ದು ಬಂದು ಹೋಗಿ ಮಾಡಿದರೆ ಕಳ್ಳ ಸಿಕ್ಕಂತೆಯೇ.

ಎಂಜಿನ್ ವೇಗದೊಡನೆ ಏರುವ ‘ಕುಂಯ್’ ಎಂಬ ರಾಗದ ಮೂಲ ಬೇರೆ. ಅದು ಆಲ್ಟರ್ನೇಟರಿನದು. ಅಲ್ಲಿ ಹುಟ್ಟುವ ಪರ್ಯಾಯ ವಿದ್ಯುತ್ತನ್ನು ಡಯೋಡುಗಳು ನೇರ ವಿದ್ಯುತ್ತಾಗಿಸಿದರೂ ಸಣ್ಣ ಅಲೆಗಳು ಉಳಿದು ಸೆಟ್ಟಿಗೆ ನುಸುಳುತ್ತವೆ. ಸೆಟ್ಟಿನ ಅರ್ಥ್ ತಂತಿ ಕಾರಿನ ಮೈಗೆ ಸೇರುವಲ್ಲಿ ತುಕ್ಕು ಕೆರೆದು ಬಿಗಿ ಮಾಡಿ. ಅದರಿಂದಲೂ ಹೋಗದಿದ್ದರೆ ಆಲ್ಟರ್ನೇಟರನ್ನೇ ಮೆಕ್ಯಾನಿಕ್‌ಗೆ ತೋರಿಸಿ. ಮೀಡಿಯಂ ವೇವ್‌ನಲ್ಲಿ ಕೇಳುವ ‘ಟಿಕ್ ಟಿಕ್’ ಪೆಟ್ರೋಲ್ ಎಂಜಿನ್ನಿನ ಸ್ಪಾರ್ಕ್ ಪ್ಲಗ್ಗಿನ ಕಿಡಿಯದು. 1880ರ ದಶಕದಲ್ಲಿ ಹೈನ್ರಿಖ್ ಹರ್ಟ್ಸ್ ರೇಡಿಯೊ ಅಲೆಗಳನ್ನು ಹುಟ್ಟಿಸಿ ತೋರಿಸಿದ್ದು ಇಂಥ ಕಿಡಿಯಿಂದಲೇ!

ಮೂರು ಎಚ್ಚರಿಕೆಗಳನ್ನು ಮರೆಯಬೇಡಿ. ಮೊದಲನೆಯದು, ಅನೇಕ ಸೆಟ್ಟುಗಳು ಬ್ಯಾಟರಿ ಕಳಚಿದ ಮೇಲೆ ರಹಸ್ಯ ಸಂಖ್ಯೆ ಕೇಳುತ್ತವೆ. ಕಳ್ಳರ ಭಯಕ್ಕೆ ಮಾಡಿದ ವ್ಯವಸ್ಥೆ ಅದು. ಕಾರಿನ ಕಾಗದಪತ್ರಗಳಲ್ಲಿ ಆ ಸಂಖ್ಯೆಯನ್ನು ಹುಡುಕಿಟ್ಟುಕೊಂಡೇ ಬ್ಯಾಟರಿಗೆ ಕೈಹಾಕಿ. ಎರಡನೆಯದು, ಸುಟ್ಟ ಫ್ಯೂಸಿನ ಜಾಗಕ್ಕೆ ಅಷ್ಟೇ ಆಂಪಿಯರಿನ ಫ್ಯೂಸ್ ಹಾಕಿ. ತಾಮ್ರದ ತಂತಿ ಸುತ್ತಿದರೆ ಬೆಂಕಿಗೆ ಆಹ್ವಾನ ಕೊಟ್ಟಂತೆ. ಮೂರನೆಯದು, ಸ್ಪೀಕರಿನ ಯಾವ ತಂತಿಯನ್ನೂ ಕಾರಿನ ಮೈಗೆ ಮುಟ್ಟಿಸಬೇಡಿ. ಬಹುಪಾಲು ಸೆಟ್ಟುಗಳಲ್ಲಿ ಆ ಎರಡೂ ತಂತಿಗಳು ಸುಮಾರು 6 ವೋಲ್ಟಿನಲ್ಲಿರುತ್ತವೆ. ಅಂತರವಿಲ್ಲದ್ದರಿಂದ ಹಾಡಿಲ್ಲದಾಗ ಸ್ಪೀಕರಿನಲ್ಲಿ ವಿದ್ಯುತ್ ಹರಿಯುವುದಿಲ್ಲ. ಆದರೆ ಒಂದನ್ನು ಮೈಗೆ ಮುಟ್ಟಿಸಿದರೆ ಆಂಪ್ಲಿಫೈಯರ್ ಸುಟ್ಟುಹೋಗಬಹುದು. ರಿಪೇರಿಯಾಗಬೇಕಿದ್ದ ಸೆಟ್ ಆಗ ನಿಜಕ್ಕೂ ಹೋದಂತೆಯೇ!

ಇಷ್ಟೆಲ್ಲ ನೋಡಿದ ಮೇಲೂ ದೋಷ ಸೆಟ್ಟಿನೊಳಗೇ ಎಂದು ತೋರಿದರೆ ಅಂಗಡಿಗೆ ಹೋಗಲೇಬೇಕು. ಆದರೆ ‘ಸೌಂಡ್ ಬರ್ತಾ ಇಲ್ಲ’ ಎನ್ನಬೇಡಿ. ‘ಮುಂದಿನ ಎಡ ಚಾನೆಲ್ ಸತ್ತಿದೆ, ಸ್ಪೀಕರೂ ತಂತಿಯೂ ಸರಿಯಾಗಿವೆ’ ಎಂದು ಹೇಳಿ. ಅದನ್ನು ಮಗನೋ ಮಗಳೋ ಹೇಳಿದರೆ ಇನ್ನೂ ಒಳ್ಳೆಯದು.