ಐವತ್ತಾರು ಕಾಲಿಗೆ ಐವತ್ತಾರು ಬೂಟು

ಹದಿನಾಲ್ಕು ನಾಯಿಗಳನ್ನು ಜಾರುಬಂಡಿಗೆ ಕಟ್ಟಿದರೆ ಐವತ್ತಾರು ಕಾಲು. ಅಲಾಸ್ಕದ ಇಡಿಟರಾಡ್ ಓಟಕ್ಕೆ ಹೊರಟವರು ಅಷ್ಟೂ ಕಾಲಿಗೆ ಬೂಟು ತೊಡಿಸಬೇಕು, ಕೆಲವು ಗಂಟೆ ಓಡಿಸಿ ನಿಲ್ಲಿಸಿದ ಮೇಲೆ ಅಷ್ಟನ್ನೂ ಬಿಚ್ಚಬೇಕು, ಹೊರಡುವಾಗ ಮತ್ತೆ ತೊಡಿಸಬೇಕು. ಚಳಿ ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗಿರಬಹುದು. ದಪ್ಪ ಕೈಗವಸು ಹಾಕಿಕೊಂಡು ಪುಟ್ಟ ಪಟ್ಟಿ ಬಿಗಿಯಲು ಬಾರದು, ಬರಿಗೈಯೇ ಆಗಬೇಕು. ಈ ಬಂಡಿಗೆ ಲಗಾಮಿಲ್ಲ; ಮಷರ್ ಎಂದು ಕರೆಯುವ ಚಾಲಕರು ಬಾಯಿಮಾತಿನಲ್ಲೇ ನಾಯಿಗಳನ್ನು ತಿರುಗಿಸುತ್ತಾರೆ. ಅವರ ಬೆರಳ ತುದಿ ಒಡೆದು ಬಿರಿಯುವುದು ಬೂಟಿನ ಕೆಲಸದಲ್ಲಿ.

ಜೋ ರೆಡಿಂಗ್ಟನ್ ಮುಂದಾಳುತನದಲ್ಲಿ ಈ ಓಟ ಆಂಕರೇಜ್‌ನಿಂದ ನೋಮ್‌ವರೆಗೆ ಮೊದಲ ಸಲ ನಡೆದದ್ದು 1973ರಲ್ಲಿ. ಹೆಚ್ಚುಕಡಿಮೆ 1,600 ಕಿಲೋಮೀಟರ್ ಹಾದಿ. ಮೊದಲ ವರ್ಷ ಗೆದ್ದ ಡಿಕ್ ವಿಲ್ಮಾರ್ತ್‌ಗೆ ಸುಮಾರು ಇಪ್ಪತ್ತು ದಿನ ಹಿಡಿದಿತ್ತು. ಈಗ ಗೆಲ್ಲುವವರು ಒಂಬತ್ತು ಹತ್ತು ದಿನದಲ್ಲಿ ತಲುಪುತ್ತಾರೆ. ಓಟಕ್ಕೂ ಮುಂಚೆ, 1925ರಲ್ಲಿ ಇದೇ ನೋಮ್‌ಗೆ ಗಂಟಲಮಾರಿ ಬಂದಾಗ ನಾಯಿಬಂಡಿಗಳು ಸರದಿಯ ಮೇಲೆ ಔಷಧಿ ಹೊತ್ತೊಯ್ದ ಕಥೆಯೇ ಪ್ರಸಿದ್ಧ. ಅದರಲ್ಲಿ ಬಾಲ್ಟೋ, ಟೋಗೋ ಎಂಬ ನಾಯಿಗಳಿಗೆ ಹೆಸರು ಬಂತು. ಕಾಲಿಗೆ ಏನು ಕಟ್ಟಿದ್ದರು ಎಂದು ಕೇಳುವವರು ಕಡಿಮೆ.

ಕೈಗೆತ್ತಿಕೊಂಡರೆ ಬೂಟು ನಿರಾಸೆ ಹುಟ್ಟಿಸುವಷ್ಟು ಸಾದಾ. ಅಜ್ಜಿಯ ಎಲೆಅಡಿಕೆ ಸಂಚಿಯ ಹಾಗೆ ಒಂದು ಕಡೆ ಬಾಯಿ, ಮೂರು ಕಡೆ ಹೊಲಿಗೆ. ಅಟ್ಟೆಯಿಲ್ಲ, ಎಡ ಬಲ ಇಲ್ಲ. ಬಟ್ಟೆ ಸಾಮಾನ್ಯವಾಗಿ ಕಾರ್ಡುರಾ ಎಂಬ ಗಟ್ಟಿ ನೈಲಾನ್. ಬಾಯಿಯ ಬಳಿ ಸ್ವಲ್ಪ ಎಲಾಸ್ಟಿಕ್ ಸೇರಿಸಿದ ವೆಲ್ಕ್ರೋ ಪಟ್ಟಿ. ಕೆಂಪು, ಹಳದಿ, ಗುಲಾಬಿಯಂಥ ಕಣ್ಣು ಕುಕ್ಕುವ ಬಣ್ಣಗಳಿಗೂ ಕಾರಣವಿದೆ: ಬಿಳಿ ಹಿಮದಲ್ಲಿ ಓಡುವ ನಾಯಿಯ ಯಾವ ಕಾಲಿನ ಬೂಟು ಕಳಚಿದೆ ಎಂದು ಹಿಂದಿನಿಂದಲೇ ತಿಳಿಯಬೇಕು. ಓಟದ ನಿಯಮದ ಪ್ರಕಾರ ಪ್ರತಿ ನಾಯಿಗೆ ಎಂಟು ಬೂಟು ಇರಲೇಬೇಕು. ಅಷ್ಟು ಎಲ್ಲಿಗೂ ಸಾಲದು. ಒಂದೊಂದು ಹಂತಕ್ಕೂ ಹೊಸತು ಹಾಕಿದರೆ ಇಪ್ಪತ್ತು ಹಂತಕ್ಕೆ ಸಾವಿರ ದಾಟುತ್ತದೆ. ಹಾಗಾಗಿ ನಾಯಿಗಳ ಆಹಾರದ ಜೊತೆ ಬೂಟಿನ ಗಂಟುಗಳೂ ಓಟಕ್ಕೆ ಮೊದಲೇ ಸಣ್ಣ ವಿಮಾನಗಳಲ್ಲಿ ದಾರಿಯ ತಂಗುದಾಣಗಳನ್ನು ಸೇರಿರುತ್ತವೆ.

ನಾಯಿಗೆ ಕಾಲು ಚಳಿಯಾಗದಿರಲಿ ಎಂದು ಬೂಟು ಹಾಕುತ್ತಾರೆ ಅಂದುಕೊಂಡರೆ ತಪ್ಪು. ಚಳಿಯನ್ನು ನಾಯಿಯ ಪಾದ ತಾನೇ ನೋಡಿಕೊಳ್ಳುತ್ತದೆ. ಅಂಗಾಲಿನ ಮೆತ್ತೆಗೆ ಇಳಿಯುವ ಬಿಸಿ ರಕ್ತದ ನಾಳಗಳನ್ನು, ಅಲ್ಲಿಂದ ತಣ್ಣಗಾಗಿ ಏರುವ ನಾಳಗಳು ಹೆಣೆದುಕೊಂಡಿರುತ್ತವೆ. ಇಳಿಯುವ ರಕ್ತ ತನ್ನ ಬಿಸಿಯನ್ನು ಏರುವ ರಕ್ತಕ್ಕೆ ದಾಟಿಸುತ್ತದೆ. ಮೈಯ ಕಾವು ಹಿಮಕ್ಕೆ ಸೋರಿಹೋಗುವುದಿಲ್ಲ. ಜಪಾನಿನ ಹಿರೊಯೋಶಿ ನಿನೊಮಿಯಾ ಮತ್ತು ಸಂಗಡಿಗರು 2011ರಲ್ಲಿ ನಾಳಗಳ ಅಚ್ಚು ತೆಗೆದು, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಈ ಏರ್ಪಾಡನ್ನು ತೋರಿಸಿದರು.

ಬೂಟು ಬೇಕಾಗುವುದು ಸವೆತಕ್ಕೆ. ಕಡುಚಳಿಯಲ್ಲಿ ಹಿಮದ ಹರಳುಗಳು ಮೊನಚಾಗಿಯೇ ಉಳಿದು, ಗಂಟೆಗಟ್ಟಲೆ ಓಡುವ ಪಾದವನ್ನು ಉಜ್ಜಿ ಚರ್ಮ ತೆಳುವಾಗಿಸುತ್ತವೆ. ಹಿಮ ಮೆತ್ತಗಿದ್ದರೆ ಬೆರಳ ಸಂದಿಯ ಕೂದಲಿಗೆ ಅಂಟಿ ಮಂಜಿನ ಉಂಡೆ ಕಟ್ಟುತ್ತದೆ, ಸಂದಿ ಸೀಳುತ್ತದೆ. ಆರ್ಕ್ಟಿಕ್‌ನ ಇನ್ಯುಯಿಟ್ ಜನ ಇದನ್ನು ಬಹಳ ಹಿಂದೆಯೇ ಅರಿತಿದ್ದರು. ವಸಂತದಲ್ಲಿ ಕರಗಿ ಮತ್ತೆ ಹೆಪ್ಪುಗಟ್ಟಿದ ಮಂಜು ಸೂಜಿಸೂಜಿಯಾದಾಗ ತಮ್ಮ ನಾಯಿಗಳಿಗೆ ಸೀಲ್ ಚರ್ಮದ ಬೂಟು ಕಟ್ಟುತ್ತಿದ್ದರು. ಉಗುರು ಹೊರಚಾಚಿ ನೆಲ ಹಿಡಿಯಲಿ ಎಂದು ಅದರಲ್ಲಿ ತೂತು ಬಿಡುತ್ತಿದ್ದರು. ನೈಲಾನ್ ಬೂಟಿನಲ್ಲಿ ಮಾತ್ರ ತೂತು ಶತ್ರು. ತೂತಿನೊಳಗೆ ಹಿಮ ನುಗ್ಗಿ ಗಟ್ಟಿಯಾಯಿತೆಂದರೆ ಬರಿಗಾಲೇ ವಾಸಿ. ಹರಿದ ಬೂಟನ್ನು ಇನ್ನೊಂದು ಹಂತಕ್ಕೆ ಉಳಿಸುವ ಜಿಪುಣತನ ಮಷರ್‌ಗೆ ದುಬಾರಿ.

ಅಳತೆ ತೆಗೆಯುವುದು ಸುಲಭ, ಆದರೂ ಹೆಚ್ಚಿನವರು ಎಡವುವುದು ಅಲ್ಲೇ. ನಾಯಿ ಮಲಗಿರುವಾಗ ಪಂಜ ಅಳೆಯಬಾರದು. ಭಾರ ಬಿದ್ದಾಗ ಬೆರಳುಗಳು ಹರಡಿಕೊಳ್ಳುತ್ತವೆ. ಕಾಗದದ ಮೇಲೆ ನಿಲ್ಲಿಸಿ, ಪಕ್ಕದ ಕಾಲನ್ನು ಎತ್ತಿ ಹಿಡಿದು, ಪಂಜದ ಎರಡೂ ಬದಿ ಪೆನ್ಸಿಲ್ ಗುರುತು ಹಾಕಬೇಕು. ಅತಿ ಅಗಲವಾದ ಜಾಗವೇ ಅಳತೆ. ಮುಂಗಾಲು ಸಾಮಾನ್ಯವಾಗಿ ಹಿಂಗಾಲಿಗಿಂತ ದೊಡ್ಡದು, ಎರಡನ್ನೂ ಬೇರೆಬೇರೆ ಅಳೆಯುವುದು ಒಳ್ಳೆಯದು. ಪೊಟ್ಟಣದ ಮೇಲೆ ನಾಯಿಯ ತೂಕ ನೋಡಿ ಬೂಟು ಕೊಳ್ಳುವುದು ಜೂಜು: ಮುಧೋಳದ ತೆಳುಮೈ ಬೇಟೆನಾಯಿಗೂ ಗುಂಡು ಪಾದದ ಲ್ಯಾಬ್ರಡಾರ್‌ಗೂ ಒಂದೇ ಬೂಟು ಒಪ್ಪದು.

ಉಗುರು ಕತ್ತರಿಸಿರಬೇಕು, ಇಲ್ಲದಿದ್ದರೆ ಬೂಟಿನ ತುದಿ ಮೊದಲ ದಿನವೇ ಹರಿಯುತ್ತದೆ. ಪಟ್ಟಿ ಬೀಳಬೇಕಾದದ್ದು ಪಂಜಕ್ಕೆ ಮೇಲೆ, ಮುಂಗಾಲಿನ ಒಳಬದಿಯಲ್ಲಿ ನೆಲ ಮುಟ್ಟದೆ ಇರುವ ಐದನೇ ಉಗುರಿಗೆ ಕೆಳಗೆ. ಆ ಉಗುರಿನ ಮೇಲೆಯೇ ಬಿಗಿದರೆ ಗಾಯ ಖಂಡಿತ. ಸಡಿಲವಾದರೆ ಬೂಟು ತಿರುಗಿ ಕಳಚುತ್ತದೆ, ಬಿಗಿಯಾದರೆ ರಕ್ತ ನಿಂತು ಪಾದ ಊದುತ್ತದೆ. ಎಷ್ಟು ಬಿಗಿ ಸರಿ ಎಂಬುದು ಓದಿ ಬರುವ ವಿದ್ಯೆಯಲ್ಲ, ಬೆರಳಿಗೆ ಅಭ್ಯಾಸವಾಗಬೇಕು. ಮೊದಲ ಸಲ ತೊಡಿಸಿದಾಗ ನಾಯಿ ಕಾಲೆತ್ತಿ ಎತ್ತಿ ಕುಣಿಯುತ್ತದೆ. ಅದನ್ನು ವಿಡಿಯೋ ಮಾಡಿ ನಗುವವರೇ ಹೆಚ್ಚು. ಅಷ್ಟರಲ್ಲಿ ಒಂದು ಬಿಸ್ಕತ್ತು ಕೊಟ್ಟು ನಾಲ್ಕು ಹೆಜ್ಜೆ ನಡೆಸಿದ್ದರೆ ಅದಕ್ಕೂ ಬೇಗ ರೂಢಿಯಾಗುತ್ತಿತ್ತು.

ಬಂಡಿ ನಿಂತೊಡನೆ ಮಷರ್ ತನ್ನ ಊಟಕ್ಕೆ ಮೊದಲು ಮಾಡುವ ಕೆಲಸಗಳಲ್ಲಿ ಬೂಟು ಬಿಚ್ಚುವುದು ಒಂದು. ಮಲಗಿದ ನಾಯಿಗೆ ಬೂಟು ಬೇಡ. ಒಳಗೆ ಕೂತ ತೇವ ಹೆಪ್ಪುಗಟ್ಟುತ್ತದೆ, ಪಟ್ಟಿಯ ಕೆಳಗೆ ರಕ್ತಸಂಚಾರ ಕುಂದುತ್ತದೆ. ಹಾಗಾಗಿ ಒಣಹುಲ್ಲಿನ ಹಾಸಿಗೆ, ಬರಿಗಾಲು, ಬೆರಳ ಸಂದಿಯ ತಪಾಸಣೆ, ಕೆಂಪಾದಲ್ಲಿ ಮುಲಾಮು. ತಂಗುದಾಣದ ಪಶುವೈದ್ಯರೂ ಕಾಲು ಹಿಡಿದು ನೋಡುತ್ತಾರೆ.

ಬೆಂಗಳೂರಿನ ಅಂಗಡಿಗಳಲ್ಲೂ ನಾಯಿಬೂಟು ಸಿಗುತ್ತದೆ, ಕೊಳ್ಳುವ ಕಾರಣ ಮಾತ್ರ ತಿರುಗುಮುರುಗು: ಬಿಸಿ ಡಾಂಬರು. ಹೊರಡುವ ಮುಂಚೆ ಅಂಗೈ ಹಿಂಬದಿಯನ್ನು ರಸ್ತೆಗೆ ಒತ್ತಿ ಏಳು ಸೆಕೆಂಡು ಎಣಿಸಿ. ನಿಮಗೆ ತಡೆಯಲಾಗದಿದ್ದರೆ ನಾಯಿಗೂ ಆಗದು. ಆದರೆ ನಾಯಿಗೆ ಬೆವರುಗ್ರಂಥಿಗಳಿರುವ ಮುಖ್ಯ ಜಾಗ ಅಂಗಾಲೇ. ರಬ್ಬರಿನ ಬೂಟಿನೊಳಗೆ ಅದು ಬೇಯುತ್ತದೆ, ಒದ್ದೆ ಚರ್ಮ ಮೆತ್ತಗಾಗಿ ಬೇಗ ಸುಲಿಯುತ್ತದೆ. ಸುಡು ರಸ್ತೆಯೊಂದನ್ನು ದಾಟಿಸಲು, ಗಾಜು ಚೆಲ್ಲಿದ ಜಾಗ ಹಾಯಲು, ಗಾಯಕ್ಕೆ ಕಟ್ಟಿದ ಪಟ್ಟಿಗೆ ಕೊಳೆ ತಾಗದಂತೆ ಅಂಗಳಕ್ಕೆ ಕರೆದೊಯ್ಯಲು ಬೂಟು ಸರಿ. ಮಧ್ಯಾಹ್ನದ ಬಿಸಿಲಲ್ಲಿ ತಾಸುಗಟ್ಟಲೆ ತಿರುಗಾಡಿಸಲು ಅದು ಪರವಾನಗಿಯಲ್ಲ. ಬೆಳಗಿನ ತಂಪಿನಲ್ಲೇ ನಡಿಗೆ ಮುಗಿಸಿದರೆ ಬಹುಪಾಲು ಮನೆಗಳಿಗೆ ಆ ಖರ್ಚು ಬರುವುದಿಲ್ಲ. ಕೊಂಡೇಬಿಟ್ಟಿದ್ದರೆ ಮೊದಲ ಹತ್ತು ನಿಮಿಷದ ನಡಿಗೆಯಾದ ಮೇಲೆ ಬಿಚ್ಚಿ, ಪಟ್ಟಿ ಬಿದ್ದ ಜಾಗದಲ್ಲಿ ಕೂದಲು ಒರಟಾಗಿ ಎದ್ದಿದೆಯೇ, ಚರ್ಮ ಕೆಂಪಾಗಿದೆಯೇ ನೋಡಿ. ಎರಡರಲ್ಲಿ ಒಂದು ಕಂಡರೂ ಬೇರೆ ಅಳತೆ ತನ್ನಿ.