ಹುಂಚದ ದಾರಿಗೆ ಎಂಥ ಕ್ಯಾರವಾನ್?

ಕ್ಯಾರವಾನ್ ಎಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರ ಕಣ್ಣ ಮುಂದೆ ಬರುವುದು ಸಿನಿಮಾ ಚಿತ್ರೀಕರಣ ನಡೆಯುವಲ್ಲಿ ನಿಂತಿರುವ ತಾರೆಯರ ಗಾಡಿ. ಉದ್ದನೆಯ ಕನ್ನಡಿ, ಸೋಫಾ, ಎ.ಸಿ., ಹಿಂಬದಿಯಲ್ಲೊಂದು ಶೌಚಾಲಯ. ಆ ಗಾಡಿಯ ಕೆಲಸವೇ ಬೇರೆ. ಬೆಳಿಗ್ಗೆ ಬಂದು ಒಂದು ಕಡೆ ನಿಂತರೆ ಸಂಜೆಯವರೆಗೆ ಅದು ಅಲ್ಲಾಡುವುದಿಲ್ಲ. ಈಗ ಕುಟುಂಬ ಸಮೇತ ಊರೂರು ಸುತ್ತಲು ಕ್ಯಾರವಾನ್ ಬಾಡಿಗೆಗೆ ಪಡೆಯುವವರೂ ಟೆಂಪೋ ಟ್ರಾವೆಲರ್ ಕೊಂಡು ಅದರೊಳಗೆ ಮನೆ ಮಾಡಿಸಿಕೊಳ್ಳುವವರೂ ಇದ್ದಾರೆ. ನೆರೆಯ ಕೇರಳ ಸರ್ಕಾರ 2021ರಲ್ಲಿ ಕ್ಯಾರವಾನ್ ಪ್ರವಾಸಕ್ಕೆಂದೇ ಒಂದು ನೀತಿಯನ್ನು ತಂದಿತು. ಹೀಗೆ ಹೊರಡುವವರು ಮೊದಲು ಕೇಳುವ ಪ್ರಶ್ನೆ, ಒಳಗೆ ಎಷ್ಟು ಜನ ಮಲಗಬಹುದು ಎಂಬುದು. ಮಲೆನಾಡಿನ ಮಟ್ಟಿಗೆ ಅದು ಕೊನೆಯಲ್ಲಿ ಕೇಳಬೇಕಾದ ಪ್ರಶ್ನೆ ಎಂದು ನನಗನ್ನಿಸುತ್ತದೆ. ಹಾಸಿಗೆ, ಅಡಿಗೆಕಟ್ಟೆ, ನೀರಿನ ಟ್ಯಾಂಕು, ಶೌಚಾಲಯ ಎಲ್ಲೆಲ್ಲಿ ಇರಬೇಕೆಂಬುದನ್ನು ಗಾಡಿ ಓಡುವ ರಸ್ತೆ, ಅಲ್ಲಿನ ಹವೆ ಮತ್ತು ಒಳಗಿರುವವರ ದಿನಚರಿ ತೀರ್ಮಾನಿಸಬೇಕು.

ಒಂದು ದಾರಿಯನ್ನೇ ಹಿಡಿದು ನೋಡೋಣ. ಹೊಸನಗರ ತಾಲ್ಲೂಕಿನ ಹುಂಚ, ಹೊಂಬುಜ ಎಂದೂ ಕರೆಯುವ ಊರು, ಒಂದು ಕಾಲಕ್ಕೆ ಸಾಂತರ ಅರಸರ ರಾಜಧಾನಿ. ಚಟ್ಟಲದೇವಿ ಕಟ್ಟಿಸಿದ ಇಲ್ಲಿನ ಪಂಚಕೂಟ ಬಸದಿ 1077ನೆಯ ಇಸವಿಯದು. ಪದ್ಮಾವತಿ ಅಮ್ಮನವರ ದರ್ಶನಕ್ಕೆ ಬೆಳಗಾವಿ, ಹುಬ್ಬಳ್ಳಿ ಕಡೆಯಿಂದಲೂ ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗ್ಲಿ ಕಡೆಯಿಂದಲೂ ಯಾತ್ರಿಕರು ಬರುತ್ತಾರೆ. ಹಲವರ ಯಾತ್ರೆ ಇಲ್ಲಿಗೇ ಮುಗಿಯದೆ ತೀರ್ಥಹಳ್ಳಿ, ಆಗುಂಬೆ ದಾಟಿ, ಘಾಟಿಯ 14 ತಿರುವುಗಳನ್ನು ಇಳಿದು ವರಂಗ, ಕಾರ್ಕಳ, ಮೂಡುಬಿದಿರೆಗಳಿಗೆ ಸಾಗುತ್ತದೆ. ಇನ್ನು ಕೆಲವರು ನಗರದ ಕೋಟೆ ನೋಡಿಕೊಂಡು ಹುಲಿಕಲ್ ಘಾಟಿಯಲ್ಲಿ ಇಳಿಯುತ್ತಾರೆ, ಅಥವಾ ಸಾಗರದ ಕಡೆ ತಿರುಗಿ ಜೋಗಕ್ಕೆ ಹೋಗುತ್ತಾರೆ. ಈ ಪ್ರಯಾಣಿಕರಲ್ಲಿ ವಯಸ್ಸಾದವರು ಹೆಚ್ಚು. ವ್ರತನಿಷ್ಠ ಜೈನರು ಸೂರ್ಯಾಸ್ತದ ನಂತರ ಉಣ್ಣುವುದಿಲ್ಲ, ನೀರನ್ನು ಸೋಸಿಯೇ ಕುಡಿಯುತ್ತಾರೆ, ಹೊರಗಿನ ಊಟ ಬೇಡವೆನ್ನುವವರೂ ಬಹಳ. ಅಂದರೆ ಹಗಲಿನಲ್ಲಿ ಅಡಿಗೆಯಾಗಬೇಕು, ನೀರು ಧಾರಾಳವಾಗಿರಬೇಕು, ಮೊಣಕಾಲು ನೋವಿನವರು ಸುಲಭವಾಗಿ ಹತ್ತಿ ಇಳಿಯುವಂತಿರಬೇಕು. ಇಂಥ ಕುಟುಂಬಕ್ಕೆ ಸಿನಿಮಾ ಗಾಡಿಯ ನಕ್ಷೆ ಯಾಕೆ ಒಗ್ಗುವುದಿಲ್ಲ ಎಂಬುದಕ್ಕೆ ಉತ್ತರ ಭೌತಶಾಸ್ತ್ರದಲ್ಲಿದೆ.

ಮೊದಲು ಭಾರದ ಲೆಕ್ಕ. ಎರಡು ಗಾಲಿಯ ಎತ್ತಿನಗಾಡಿ ಹೊಡೆಯುವವರಿಗೆ ಈ ಲೆಕ್ಕ ಬರಹವಿಲ್ಲದೆಯೇ ಗೊತ್ತಿತ್ತು. ಏರಿನಲ್ಲಿ ಹೊರೆಯನ್ನು ತುಸು ಮುಂದಕ್ಕೆ, ಇಳಿಜಾರಿನಲ್ಲಿ ತುಸು ಹಿಂದಕ್ಕೆ ಸರಿಸದಿದ್ದರೆ ಒಮ್ಮೆ ನೊಗ ಮೇಲೇಳುತ್ತದೆ, ಇನ್ನೊಮ್ಮೆ ಎತ್ತಿನ ಕುತ್ತಿಗೆಯ ಮೇಲೆ ಕುಸಿಯುತ್ತದೆ. ಕ್ಯಾರವಾನಿನಲ್ಲಿ ಹೊರೆಯನ್ನು ದಾರಿಯಲ್ಲಿ ಸರಿಸಲಾಗುವುದಿಲ್ಲ, ನಕ್ಷೆ ಬರೆಯುವಾಗಲೇ ಸರಿಯಾಗಿ ಇಡಬೇಕು. ಮುಂದಿನ ಆಕ್ಸಲ್‌ನಿಂದ ಹಿಂದಿನದಕ್ಕೆ 3.35 ಮೀಟರ್ ಇರುವ ಒಂದು ವ್ಯಾನು ಎಂದುಕೊಳ್ಳೋಣ. 100 ಲೀಟರ್ ನೀರಿನ ಟ್ಯಾಂಕನ್ನು ಎರಡು ಆಕ್ಸಲ್‌ಗಳ ನಟ್ಟನಡುವೆ ಇಟ್ಟರೆ ಎರಡರ ಮೇಲೂ 50 ಕಿಲೋ ಬೀಳುತ್ತದೆ. ಅದನ್ನೇ ಹಿಂದಿನ ಗಾಲಿಗಿಂತ 1.2 ಮೀಟರ್ ಆಚೆ, ಬಾಲದ ತುದಿಗೆ ಇಟ್ಟರೆ ಹಿಂದಿನ ಆಕ್ಸಲ್‌ನ ಮೇಲೆ 136 ಕಿಲೋ ಹೆಚ್ಚುತ್ತದೆ, ಮುಂದಿನ ಆಕ್ಸಲ್‌ನ ಭಾರ 36 ಕಿಲೋ ಕಡಿಮೆಯಾಗುತ್ತದೆ. ಸನ್ನೆಗೋಲಿನ ನಿಯಮವೇ ಇದು. ಅಲ್ಲೇ ಶೌಚಾಲಯ, ಬ್ಯಾಟರಿ, ಸಾಮಾನಿನ ಕಪಾಟು ಎಲ್ಲವನ್ನೂ ಸೇರಿಸುತ್ತ ಹೋದರೆ ಸ್ಟೇರಿಂಗ್ ತಿರುಗಿಸುವ ಮುಂಗಾಲಿಗಳು ಹಗುರವಾಗುತ್ತವೆ. ಒಟ್ಟು ತೂಕ ಮೂರೂವರೆ ಟನ್, ಗುರುತ್ವಕೇಂದ್ರ ನೆಲದಿಂದ 1.2 ಮೀಟರ್ ಎತ್ತರದಲ್ಲಿದ್ದರೆ, ನೂರು ಮೀಟರಿಗೆ ಹತ್ತು ಮೀಟರ್ ಏರುವ ರಸ್ತೆಯಲ್ಲಿ ಇನ್ನೂ ಸುಮಾರು 125 ಕಿಲೋ ಭಾರ ಮುಂಗಾಲಿಯಿಂದ ಹಿಂಗಾಲಿಗೆ ಜಾರುತ್ತದೆ. ನೆನೆದು ಪಾಚಿ ಕಟ್ಟಿದ ಘಾಟಿಯ ತಿರುವಿನಲ್ಲಿ ಮುಂಗಾಲಿಯ ಹಿಡಿತ ಬೇಕಾಗುವುದು ಸರಿಯಾಗಿ ಆ ಹೊತ್ತಿಗೇ.

ಎತ್ತರದ ವಿಚಾರ ಇನ್ನೂ ಗಂಭೀರ. 12 ಮೀಟರ್ ತ್ರಿಜ್ಯದ ತಿರುವನ್ನು ಗಂಟೆಗೆ 20 ಕಿ.ಮೀ. ವೇಗದಲ್ಲಿ ದಾಟುವಾಗ ಗಾಡಿಯ ತೂಕದ ಕಾಲುಭಾಗದಷ್ಟು ಬಲ ಅದನ್ನು ಪಕ್ಕಕ್ಕೆ ವಾಲಿಸುತ್ತದೆ. 30 ಕಿ.ಮೀ.ಗೆ ಏರಿದರೆ ಆ ಬಲ ಎರಡೂಕಾಲು ಪಟ್ಟಾಗಿ ತೂಕದ ಶೇ. 60ರ ಹತ್ತಿರ ಬರುತ್ತದೆ. ಎಡಬಲ ಗಾಲಿಗಳ ನಡುವೆ 1.7 ಮೀಟರ್ ಇರುವ ಗಾಡಿ, ಗುರುತ್ವಕೇಂದ್ರ ಒಂದು ಮೀಟರ್ ಎತ್ತರದಲ್ಲಿದ್ದರೆ ತೂಕದ ಶೇ. 85ರಷ್ಟು ಬಲದವರೆಗೆ ಉರುಳದೆ ನಿಲ್ಲಬಲ್ಲದು. ಕೇಂದ್ರ 20 ಸೆಂ.ಮೀ. ಮೇಲಕ್ಕೆ ಹೋದರೆ ಆ ಮಿತಿ ಶೇ. 71ಕ್ಕೆ ಇಳಿಯುತ್ತದೆ. ಸ್ಪ್ರಿಂಗುಗಳು ಬಾಗುವುದರಿಂದ ನಿಜವಾದ ಮಿತಿ ಇದಕ್ಕಿಂತಲೂ ಕಡಿಮೆ. ಛಾವಣಿಯ ಮೇಲಿನ ಎ.ಸಿ. ಮತ್ತು ನೀರಿನ ಟ್ಯಾಂಕು, ತಲೆಯ ಮೇಲಿನ ಕಪಾಟಿನಲ್ಲಿ ತುಂಬಿದ ಅಕ್ಕಿ ಬೇಳೆ, ಮೇಲಂತಸ್ತಿನ ಹಾಸಿಗೆ ಇವೆಲ್ಲ ಆ 20 ಸೆಂಟಿಮೀಟರನ್ನು ಸ್ವಲ್ಪ ಸ್ವಲ್ಪವಾಗಿ ತಿನ್ನುತ್ತವೆ. ಆದ್ದರಿಂದ ಮಲೆನಾಡಿಗೆ ಹೊರಡುವ ಗಾಡಿಯಲ್ಲಿ ನೀರು, ಬ್ಯಾಟರಿ, ದಿನಸಿ ನೆಲಮಟ್ಟದಲ್ಲಿ, ಎರಡು ಆಕ್ಸಲ್‌ಗಳ ನಡುವೆ ಇರಬೇಕು. ಮೇಲಿನ ಕಪಾಟಿನಲ್ಲಿ ಬಟ್ಟೆ, ಹೊದಿಕೆ ಮಾತ್ರ. ಬ್ಯಾಟರಿಯ ಆಯ್ಕೆಯಲ್ಲೂ ಭಾರ ಇಳಿಸಬಹುದು: 100 ಆಂಪಿಯರ್-ಗಂಟೆಯ ಸೀಸ-ಆಮ್ಲ ಬ್ಯಾಟರಿ 30 ಕಿಲೋ ಆಸುಪಾಸು ತೂಗಿದರೆ ಅಷ್ಟೇ ಸಾಮರ್ಥ್ಯದ ಲಿಥಿಯಂ ಬ್ಯಾಟರಿಯ ತೂಕ ಅದರ ಅರ್ಧಕ್ಕೂ ಕಡಿಮೆ.

ಇನ್ನು ಕೂರುವ ಜಾಗ. ಯಾತ್ರೆಯ ಹಗಲಿನ ಬಹುಪಾಲು ಕಳೆಯುವುದು ಸೀಟಿನಲ್ಲಿ. ಸೋಫಾದಂತೆ ಅಡ್ಡಲಾಗಿ ಕೂರಿಸುವ ನಕ್ಷೆ ಚಿತ್ರದಲ್ಲಿ ಚೆಂದ ಕಾಣುತ್ತದೆ. ಆದರೆ ಬ್ರೇಕು ಬಿದ್ದಾಗ ಅಡ್ಡ ಕೂತವರ ಸೊಂಟ ಮತ್ತು ಕುತ್ತಿಗೆ ತಿರುಚಿಕೊಳ್ಳುತ್ತವೆ. ಘಾಟಿಯಲ್ಲಿ ಬರುವ ವಾಂತಿಗೂ ಸೀಟಿನ ದಿಕ್ಕಿಗೂ ನಂಟಿದೆ. ಕಿವಿಯೊಳಗಿನ ಸಮತೋಲದ ಅಂಗ ದೇಹ ತಿರುಗುತ್ತಿದೆ ಎನ್ನುತ್ತದೆ, ಎದುರಿನ ಪ್ಲೈವುಡ್ ಗೋಡೆ ನೋಡುತ್ತಿರುವ ಕಣ್ಣು ಇಲ್ಲ ಎನ್ನುತ್ತದೆ. ಈ ಎರಡು ಸುದ್ದಿಗಳ ಹೊಂದಾಣಿಕೆ ತಪ್ಪಿದಾಗ ಹೊಟ್ಟೆ ತೊಳೆಸುತ್ತದೆ. ಮುಂದಕ್ಕೆ ಮುಖಮಾಡಿ, ರಸ್ತೆ ಕಾಣುವಂತೆ, ಎರಡು ಆಕ್ಸಲ್‌ಗಳ ನಡುವೆ ಕೂತವರಿಗೆ ಕುಲುಕಾಟವೂ ಕಡಿಮೆ, ಸಂಕಟವೂ ಕಡಿಮೆ. ಹಿಂಗಾಲಿಯ ಆಚೆ ಕೂತವರು ಪ್ರತಿ ಹೊಂಡಕ್ಕೂ ಎಗರುತ್ತಾರೆ. ಹಾಗಾಗಿ ಗಾಡಿ ಎಷ್ಟು ಜನರದು ಎಂಬುದನ್ನು ಬೆಲ್ಟ್ ಇರುವ, ಮುಂದೆ ನೋಡುವ ಸೀಟುಗಳ ಎಣಿಕೆ ಹೇಳಬೇಕು. ನಾಲ್ಕು ಹಾಸಿಗೆ, ಎರಡೇ ಬೆಲ್ಟ್ ಸೀಟು ಇರುವ ಗಾಡಿ ಇಬ್ಬರದು.

ಹುಂಚದ ಸುತ್ತಿನ ಇನ್ನೊಂದು ನಿರ್ಣಾಯಕ ಸಂಗತಿ ತೇವ. ಆಗುಂಬೆ, ಹುಲಿಕಲ್ ಭಾಗದಲ್ಲಿ ವರ್ಷಕ್ಕೆ 7000 ಮಿ.ಮೀ. ಆಸುಪಾಸು ಮಳೆ ಸುರಿಯುತ್ತದೆ. ವ್ಯಾನಿನ ಒಳಗಿನ ಗಾಳಿ ಸುಮಾರು 12 ಘನ ಮೀಟರ್ ಎಂದಿಟ್ಟುಕೊಂಡರೆ, 20 ಡಿಗ್ರಿ ಉಷ್ಣತೆಯಲ್ಲಿ ಅದು ಹಿಡಿದಿಡಬಲ್ಲ ನೀರಾವಿ ಹೆಚ್ಚೆಂದರೆ 200 ಗ್ರಾಂ. ಮಳೆಗಾಲದ ರಾತ್ರಿ ತೇವಾಂಶ ಶೇ. 90 ಇದ್ದರೆ ಉಳಿಯುವ ಜಾಗ 20 ಗ್ರಾಂ ಮಾತ್ರ. ಮಲಗಿದ ಒಬ್ಬ ವಯಸ್ಕರ ಉಸಿರು ಮತ್ತು ಚರ್ಮದಿಂದ ಗಂಟೆಗೆ 40 ಗ್ರಾಂ ಆಸುಪಾಸು ನೀರಾವಿ ಹೊರಬರುತ್ತದೆ. ಇಬ್ಬರು ಮಲಗಿ ಕಿಟಕಿ ಮುಚ್ಚಿದರೆ ಅರ್ಧ ಗಂಟೆಯೊಳಗೆ ಗಾಳಿ ತುಂಬಿಹೋಯಿತು. ಮೈಬಿಸಿಗೆ ಒಳಗಾಳಿ ತುಸು ಬೆಚ್ಚಗಾಗಿ ಇನ್ನಷ್ಟು ಆವಿ ಹಿಡಿದರೂ ತಗಡಿನ ಗೋಡೆ ಹೊರಗಿನಷ್ಟೇ ತಣ್ಣಗಿರುತ್ತದೆ, ಅದರ ಮೇಲೆ ಹನಿ ಕಟ್ಟುತ್ತದೆ. ಹಿಂಬದಿಯಲ್ಲಿ ಅಡ್ಡಲಾಗಿ ಮೂರು ಕಡೆ ಗೋಡೆಗೆ ಒತ್ತಿಕೊಂಡಿರುವ ಖಾಯಂ ಮಂಚ ಇಲ್ಲಿ ಬೂಷ್ಟು ಹಿಡಿಯುವುದಕ್ಕೆ ಹೇಳಿ ಮಾಡಿಸಿದ ಜಾಗ. ಉದ್ದಕ್ಕೆ ಹಾಕಿದ, ಗೋಡೆಯಿಂದ ತುಸು ದೂರವಿರುವ, ಕೆಳಗೆ ಹಲಗೆಗಳ ನಡುವೆ ಸಂದು ಬಿಟ್ಟ ಮಂಚದಲ್ಲಿ ಗಾಳಿಯಾಡುತ್ತದೆ. ಎದುರುಬದುರು ಕಿಟಕಿ, ಮಳೆಯಲ್ಲೂ ತೆರೆದಿಡಬಹುದಾದ ಛಾವಣಿಯ ಫ್ಯಾನು, ಬಾಗಿಲ ಪಕ್ಕದಲ್ಲೇ ಒದ್ದೆ ಕೊಡೆ-ಚಪ್ಪಲಿಗೆ ನೀರಿಳಿಯುವ ತಟ್ಟೆ ಇರಲಿ. ಇವಕ್ಕೆ ಜಾಗ ಬಿಡದ ನಕ್ಷೆಯನ್ನು ಮಲೆನಾಡಿನ ಮಟ್ಟಿಗೆ ತಳ್ಳಿಹಾಕಬಹುದು.

ಅಡಿಗೆಯಿಂದ ಬರುವ ಆವಿ ಇನ್ನೂ ದೊಡ್ಡದು. ಒಂದು ಕಿಲೋ ಎಲ್‌ಪಿಜಿ ಉರಿದರೆ ಒಂದೂವರೆ ಕಿಲೋಗಿಂತ ಹೆಚ್ಚು ನೀರು ಹುಟ್ಟುತ್ತದೆ. ಕುದಿವ ಅನ್ನದ ಆವಿ ಬೇರೆ. ಆದ್ದರಿಂದ ಒಲೆ ಎಡಬದಿಯ ಜಾರುಬಾಗಿಲ ಪಕ್ಕದಲ್ಲಿರಬೇಕು. ನಮ್ಮ ರಸ್ತೆಗಳಲ್ಲಿ ಆ ಬದಿ ರಸ್ತೆಯಂಚಿಗೆ ತೆರೆದುಕೊಳ್ಳುವುದರಿಂದ ಇಳಿಯುವವರಿಗೂ ಕ್ಷೇಮ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ಶೇಖರವಾಗುತ್ತದೆ. ಸಿಲಿಂಡರ್ ಇಡುವ ಪೆಟ್ಟಿಗೆಯ ತಳದಲ್ಲಿ ಹೊರಕ್ಕೆ ತೂತು ಬೇಕೆನ್ನುವುದು ಅದಕ್ಕಾಗಿ. ಆದರೆ ಆ ಪೆಟ್ಟಿಗೆಗೂ ಮಲಗುವ ಜಾಗಕ್ಕೂ ಒಂದಿಷ್ಟೂ ಸಂದು ಇರಬಾರದು. 2024ರ ಡಿಸೆಂಬರಿನಲ್ಲಿ ಕೇರಳದ ವಡಕರದಲ್ಲಿ ನಿಲ್ಲಿಸಿದ್ದ ಕ್ಯಾರವಾನಿನೊಳಗೆ ಇಬ್ಬರು ಕಾರ್ಬನ್ ಮೊನಾಕ್ಸೈಡ್‌ನಿಂದ ಸತ್ತರು. ಜನರೇಟರ್ ಹೊಗೆ ಗಾಡಿಯ ನೆಲದಲ್ಲಿದ್ದ ತೂತಿನ ಮೂಲಕ ಒಳಬಂದಿತ್ತು ಎಂಬುದು ತಜ್ಞರ ಪರಿಶೀಲನೆಯಲ್ಲಿ ಕಂಡುಬಂತು. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲಿರುವವರಿಗೆ ಎಚ್ಚರವಾಗುವುದಿಲ್ಲ. ನಕ್ಷೆ ನೋಡುವವರು ಮಂಚದ ಅಳತೆಗಿಂತ ಮೊದಲು ನೆಲದಲ್ಲಿ ಎಲ್ಲೆಲ್ಲಿ ತೂತು ಕೊರೆದಿದ್ದಾರೆ, ಅವನ್ನು ಹೇಗೆ ಮುಚ್ಚಿದ್ದಾರೆ ಎಂದು ಕೇಳಬೇಕು. ಮಲೆನಾಡಿನ ರಾತ್ರಿಗೆ ಜನರೇಟರ್ ಓಡಿಸಿ ಎ.ಸಿ. ಹಾಕುವ ಅಗತ್ಯ ಹೇಗೂ ಕಡಿಮೆ. ಬ್ಯಾಟರಿಯಿಂದ ಓಡುವ ಫ್ಯಾನು ಸಾಕು.

ಇಲ್ಲಿ ನ್ಯಾಯವಾದ ಆಕ್ಷೇಪವೊಂದಿದೆ. ವಯಸ್ಸಾದವರಿಗೆ ಪ್ರತಿ ಸಂಜೆ ಸೀಟು ಮಡಚಿ ಹಾಸಿಗೆ ಮಾಡುವುದು, ಬೆಳಿಗ್ಗೆ ಮತ್ತೆ ಸೀಟು ಮಾಡುವುದು ತ್ರಾಸಲ್ಲವೇ, ಖಾಯಂ ಮಂಚವಿದ್ದರೆ ನಡುವೆ ಬೆನ್ನು ಚಾಚಬಹುದಲ್ಲ ಎಂದು. ತ್ರಾಸು ನಿಜ. ಆದರೆ ಓಡುವ ಗಾಡಿಯಲ್ಲಿ ಮಲಗುವುದು ಅಪಾಯ, ಆದ್ದರಿಂದ ಆ ಮಂಚ ಹಗಲಿಡೀ ಜಾಗ ತಿನ್ನುತ್ತ ಬಿದ್ದಿರುತ್ತದೆ. ನಿಂತಾಗ ಒರಗಲು ಹಿಂದಕ್ಕೆ ಬಾಗುವ ಸೀಟು ಸಾಕು. ಇನ್ನೂ ಮುಖ್ಯವಾದ ಮಾತೆಂದರೆ, ಹುಂಚದಂಥ ಕ್ಷೇತ್ರಗಳಲ್ಲಿ ಯಾತ್ರಿಕರಿಗೆ ತಂಗಲು ವ್ಯವಸ್ಥೆಯಿದೆ. ರಾತ್ರಿ ಅಲ್ಲಿ ಮಲಗುವ ಕುಟುಂಬಕ್ಕೆ ಮಂಚವಿಲ್ಲದ ಗಾಡಿಯೇ ಶ್ರೇಷ್ಠ: ಒಳ್ಳೆಯ ಸೀಟು, ಅಡಿಗೆಕಟ್ಟೆ, ಸೋಸಿದ ನೀರು, ಒಂದು ಶೌಚಾಲಯ. ಆದರೆ ಕಾನೂನಿನ ಕಣ್ಣಿನಲ್ಲಿ ಅದು ಕ್ಯಾರವಾನ್ ಎನಿಸಿಕೊಳ್ಳಲು ಸೀಟು, ಮೇಜು, ಅಡಿಗೆ ಮತ್ತು ಶೇಖರಣೆಯ ಜೊತೆ ಮಲಗುವ ಅನುಕೂಲವೂ ಇರಬೇಕು. ಸೀಟನ್ನೇ ಹಾಸಿಗೆಯಾಗಿ ಮಾಡಿಕೊಂಡರೂ ಆದೀತು. ಗ್ಯಾರೇಜಿನಲ್ಲಿ ಮನಬಂದಂತೆ ಮಾಡಿಸಿದ ಗಾಡಿಗೆ ಆರ್‌ಟಿಒದಲ್ಲಿ ತೊಡಕಾಗುತ್ತದೆ. ಮಾಡಿಸುವ ಮೊದಲೇ ಎಐಎಸ್-124 ಎಂಬ ಭಾರತೀಯ ಮಾನದಂಡಕ್ಕೆ ನಕ್ಷೆ ಹೊಂದುತ್ತದೆಯೇ ಎಂದು ಕಟ್ಟುವವರನ್ನು ಲಿಖಿತವಾಗಿ ಕೇಳಿ.

ಶೌಚಾಲಯದ ಬಗ್ಗೆ ಸಂಕೋಚ ಬಿಟ್ಟು ಮಾತಾಡಬೇಕು. ಕುಮುದ್ವತಿ ನದಿ ಹುಟ್ಟುವುದು ಹುಂಚದ ಬಳಿಯ ಬಿಲ್ಲೇಶ್ವರದಲ್ಲಿ. ತೀರ್ಥಹಳ್ಳಿಯಲ್ಲಿ ತುಂಗೆ, ಹೊಸನಗರದ ಕಡೆ ಶರಾವತಿ. ಈ ನೀರಿನ ತಲೆಯಲ್ಲೇ ಮಲಿನ ನೀರು ಬಿಡುವುದು ಕೆಳಗಿನ ಎಲ್ಲ ಊರುಗಳಿಗೆ ಮಾಡುವ ದ್ರೋಹ. ದಾರಿಯುದ್ದಕ್ಕೂ ಕ್ಯಾರವಾನ್ ಟ್ಯಾಂಕು ಖಾಲಿ ಮಾಡುವ ವ್ಯವಸ್ಥೆ ಇಲ್ಲದ ಕಡೆ ದೊಡ್ಡ ಮಲಿನ ಟ್ಯಾಂಕು ಹೊರೆಯೂ ಹೌದು, ಪಾಪವೂ ಹೌದು. ಸುಮಾರು 20 ಲೀಟರಿನ, ಹೊರತೆಗೆದು ಸಾಮಾನ್ಯ ಶೌಚಾಲಯದಲ್ಲಿ ಸುರಿಯಬಹುದಾದ ಡಬ್ಬಿಯ ಶೌಚಾಲಯ ಈ ಸೀಮೆಗೆ ತಕ್ಕದ್ದು. ಅದನ್ನು ಹಿಂಗಾಲಿಯ ನೇರಕ್ಕೆ ಇಟ್ಟರೆ ಭಾರದ ತೊಂದರೆಯೂ ಇಲ್ಲ.

ದೊಡ್ಡ ಗಾಡಿ ತೆಗೆದುಕೊಂಡು ಭಾರವನ್ನು ಸರಿಯಾಗಿ ಹಂಚಿದರಾಯಿತಲ್ಲ ಎನ್ನುವವರಿಗೂ ಉತ್ತರ ಬೇಕು. ತಿರುವಿನಲ್ಲಿ ಹಿಂಗಾಲಿ ಮುಂಗಾಲಿಯ ಜಾಡಿನಲ್ಲಿ ಬರುವುದಿಲ್ಲ, ಒಳಕ್ಕೆ ಕತ್ತರಿಸಿಕೊಂಡು ಬರುತ್ತದೆ. 12 ಮೀಟರ್ ತ್ರಿಜ್ಯದ ತಿರುವಿನಲ್ಲಿ 3.35 ಮೀಟರ್ ಆಕ್ಸಲ್ ಅಂತರದ ಗಾಡಿ ಅರ್ಧ ಮೀಟರಿನಷ್ಟು ಒಳಸರಿದರೆ, 4.02 ಮೀಟರಿನದು 70 ಸೆಂ.ಮೀ., ಐದೂವರೆ ಮೀಟರಿನ ಬಸ್ಸು 1.3 ಮೀಟರ್ ಒಳಸರಿಯುತ್ತದೆ. ಒಳಗಡೆ ಇರುವುದು ಚರಂಡಿ, ಇಲ್ಲವೇ ಎದುರು ಬರುವ ಬೈಕು. ಮಳೆಗಾಲದಲ್ಲಿ ಆಗುಂಬೆ ಘಾಟಿಯಲ್ಲಿ ಭಾರಿ ವಾಹನಗಳನ್ನು ನಿರ್ಬಂಧಿಸುವುದು ಮೇಲಿಂದ ಮೇಲೆ ಆಗುತ್ತದೆ. ಬೆಂಗಳೂರು-ಬೆಳಗಾವಿ ಹೆದ್ದಾರಿಯಲ್ಲೇ ಓಡಾಡಿ ಒಂದೇ ಕಡೆ ವಾರ ನಿಲ್ಲುವವರಿಗೆ ಉದ್ದನೆಯ ಗಾಡಿ, ಖಾಯಂ ಮಂಚ, ದೊಡ್ಡ ಬಚ್ಚಲು ಎಲ್ಲವೂ ಸರಿ. ಹುಂಚ, ಆಗುಂಬೆ, ವರಂಗದ ದಾರಿಗೆ ನನ್ನ ಆಯ್ಕೆ ಗಿಡ್ಡ ಆಕ್ಸಲ್ ಅಂತರದ, ಚಿಕ್ಕ ಬಾಲದ, ಮುಂದೆ ನೋಡುವ ನಾಲ್ಕು ಸೀಟಿನ, ಬಾಗಿಲ ಬಳಿ ಅಡಿಗೆಯ, ಇಬ್ಬರು ಮಲಗುವ ಗಾಡಿ. ಬಾಡಿಗೆಗಾಗಲಿ ಸ್ವಂತಕ್ಕಾಗಲಿ, ಹೊರಡುವ ಮುಂಚೆ ನೀರು ತುಂಬಿಸಿ, ಎಲ್ಲರನ್ನೂ ಕೂರಿಸಿ, ಹತ್ತಿರದ ವೇಬ್ರಿಡ್ಜ್‌ಗೆ ಒಯ್ದು ಮುಂಗಾಲಿ ಮತ್ತು ಹಿಂಗಾಲಿಯ ತೂಕವನ್ನು ಬೇರೆ ಬೇರೆಯಾಗಿ ತೂಗಿಸಿ. ತಯಾರಕರು ಪ್ರತಿ ಆಕ್ಸಲ್‌ಗೆ ಹೇಳಿರುವ ಮಿತಿಯನ್ನು ಯಾವುದೊಂದು ಮೀರಿದ್ದರೂ ಸಾಮಾನು ಇಳಿಸಿ, ಆಮೇಲೆ ಹೊರಡಿ.